ಮೋಟಾರ್ ಇದೆ ಅಂದ್ರೆ ಕೊಲರಾಡೊ ಸುಮ್ನೆ ಬಿಡುತ್ತಾ?

ದಾಂಡೇಲಿಯ ಓದುಗರೇ, ನಿಮ್ಮ ಕಾಗದ ಖಾರವಾಗೇ ಇದೆ, ಆದ್ರೂ ಖುಷಿಯಾಯ್ತು. ಹೋದ ಸಂಚಿಕೇಲಿ ಅಮೆರಿಕದ ಕೊಲರಾಡೊ ನದಿ ಹರಿಯೋ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಲೇಖನದಲ್ಲಿ 1949ರ ಮೋಟಾರ್‌ಬೋಟ್ ಪ್ರಯಾಣಕ್ಕೆ ಅರ್ಧ ಪುಟ ಕೊಟ್ಟಿದ್ದು ನಿಮಗೆ ಸರಿಬಂದಿಲ್ಲ. 1869ರಲ್ಲಿ ಆ ಕಣಿವೆಯ ಅನ್ವೇಷಕ ಪೊವೆಲ್ ಕಡೆಯವರು ಹುಟ್ಟು ಹಾಕ್ಕೊಂಡು ಹೋದ್ರು, ಇವರು ಇಂಜಿನ್ ಸ್ಟಾರ್ಟ್ ಮಾಡಿ ಕೂತ್ರು, ಬೆಟ್ಟ ಹತ್ತೋಕೆ ಲಿಫ್ಟ್ ಹಾಕಿಸ್ಕೊಂಡಂಗೆ, ಇದ್ರಲ್ಲಿ ಸಾಹಸ ಎಲ್ಲಿ ಬಂತು ಅಂತ ಕೇಳಿದೀರಿ. ಜೊತೆಗೆ ನಮ್ಮ ದೇಶದಲ್ಲಿ ಯಾರಾದ್ರೂ ಇಂಥದ್ದು ಮಾಡಿದಾರಾ ಅಂತಾನೂ.

ಲಿಫ್ಟ್ ವಿಷಯ ಮೊದಲು ಮುಗಿಸೋಣ. ಕೆಳಕ್ಕೆ ಹೋಗೋಕೆ ಇಂಜಿನ್ನೇ ಬೇಡ ಸಾರ್, ನದೀನೇ ಎಳ್ಕೊಂಡು ಹೋಗುತ್ತೆ, ಮರದ ದಿಮ್ಮೀನೂ ಹೋಗುತ್ತೆ. ತೊಂದರೆ ಇರೋದು ಬಂಡೆಯ ಯಾವ ಪಕ್ಕದಿಂದ ಹೋಗ್ತೀರಿ ಅನ್ನೋದ್ರಲ್ಲಿ. ದೋಣಿ ನೀರಿನಷ್ಟೇ ಸ್ಪೀಡಲ್ಲಿ ತೇಲ್ತಾ ಇದ್ರೆ ಚುಕ್ಕಾಣಿ ತಿರುಗಿಸಿದ್ರೂ ಅದು ಮಾತು ಕೇಳಲ್ಲ, ಒಂದೋ ನೀರಿಗಿಂತ ನಿಧಾನ ಆಗ್ಬೇಕು, ಇಲ್ಲಾ ನೀರಿಗಿಂತ ಜೋರಾಗಿ ಹೋಗ್ಬೇಕು. ಪೊವೆಲ್ ಕಡೆ ಹುಟ್ಟು ಹಾಕೋರು ಕೆರೇಲಿ ಹಾಕೋ ಥರ ಮುಂದಿನ ದಾರಿಗೆ ಬೆನ್ನು ಹಾಕಿ ಕೂರ್ತಿದ್ರು, ಯಾವ ಬಂಡೆ ಬರ್ತಿದೆ ಅಂತ ಅವರಿಗೇ ಕಾಣ್ತಿರಲಿಲ್ಲ. 1890ರ ದಶಕದಲ್ಲಿ ನೇಥನಿಯಲ್ ಗ್ಯಾಲೊವೆ ಅನ್ನೋ ಯೂಟಾದ ಬೇಟೆಗಾರ ಅದನ್ನ ಉಲ್ಟಾ ಮಾಡಿದ, ರಭಸದ ಕಡೆ, ಅಂದ್ರೆ ನೀರು ಬಂಡೆಗಳ ನಡುವೆ ಭೋರ್ಗರೆದು ನುಗ್ಗೋ ಜಾಗದ ಕಡೆ, ಮುಖ ಹಾಕಿ ಕೂತು ಹಿಂದಕ್ಕೆ ಹುಟ್ಟು ಎಳೀತಾ ದೋಣಿಯನ್ನ ನೀರಿಗಿಂತ ನಿಧಾನ ಮಾಡಿದ. ಮೋಟಾರಿನವರು ಹಿಡಿದಿದ್ದು ಇನ್ನೊಂದು ದಾರಿ, ನೀರಿಗಿಂತ ಜೋರು. ಆಗ ಚುಕ್ಕಾಣಿ ಕೇಳುತ್ತೆ, ನಿಜ, ಆದ್ರೆ ಬಂಡೆಗೆ ತಾಗಿದ್ರೆ ನೀರಿನ ಸ್ಪೀಡು ನಿಮ್ಮ ಸ್ಪೀಡು ಎರಡೂ ಸೇರಿಸಿ ತಾಗುತ್ತೆ, ಮೊದಲು ಪೆಟ್ಟು ತಿನ್ನೋದು ಕೆಳಗೆ ನೇತಾಡೋ ಪ್ರೊಪೆಲ್ಲರ್ರೇ. ಅದಕ್ಕಿಂತ ಕೆಟ್ಟದ್ದು ನೊರೆ. ದೊಡ್ಡ ಅಲೆ ಮುರಿಯೋ ಕಡೆ ಅರ್ಧ ನೀರು ಅರ್ಧ ಗಾಳಿ, ಅಲ್ಲಿ ಪ್ರೊಪೆಲ್ಲರ್ ಸುಮ್ನೆ ಗಿರಗಿರ ಸುತ್ತುತ್ತೆ, ಹಿಡಿತಾನೇ ಸಿಗಲ್ಲ. ಅಂದ್ರೆ ಎಲ್ಲಿ ಇಂಜಿನ್ ಬೇಕೇ ಬೇಕೋ ಅಲ್ಲೇ ಅದು ಕೈ ಕೊಡುತ್ತೆ. ಪೆಟ್ರೋಲ್ ಖಾಲಿಯಾದ್ರೆ ತುಂಬಿಸೋಕೆ ಸುತ್ತ ಕಲ್ಲಿನ ಗೋಡೆ ಬಿಟ್ಟು ಏನೂ ಇಲ್ಲ.

ಇಷ್ಟೆಲ್ಲಾ ಗೊತ್ತಿದ್ದೇ 1949ರ ಜೂನಲ್ಲಿ ಎಡ್ ಹಡ್ಸನ್ ಕಣಿವೆ ಶುರುವಾಗೋ ಲೀಸ್ ಫೆರಿಯಿಂದ ಹೊರಟಿದ್ದು. ಕ್ಯಾಲಿಫೋರ್ನಿಯಾದ ಪಾಸೊ ರೋಬ್ಲೆಸ್ ಊರಿನ ಮೆಡಿಕಲ್ ಶಾಪಿನವರು ಆ ಮನುಷ್ಯ, ದೋಣಿ ಪ್ಲೈವುಡ್ಡಿಂದು, ಹೆಸರು ಎಸ್ಮೆರಾಲ್ಡಾ 2. ಜೊತೆಗೆ ಡಾಕ್ ಮಾರ್ಸ್ಟನ್ ಇದ್ರು, ಆ ನದೀಲಿ ಯಾರ್ಯಾರು ಯಾವಾಗ ಹೋದ್ರು ಅಂತ ಜೀವನ ಪೂರ್ತಿ ಲೆಕ್ಕ ಇಟ್ಟ ಆಸಾಮಿ. ಲೀಸ್ ಫೆರಿಯಿಂದ ಕಣಿವೆ ಮುಗಿಯೋವರೆಗೆ 277 ಮೈಲಿ, ಅದನ್ನ ದಾಟಿ ಮೀಡ್ ಸರೋವರ ಸೇರಿದ್ರು, ಗ್ರ್ಯಾಂಡ್ ಕ್ಯಾನಿಯನ್ ಪೂರ್ತಿ ಇಳಿದ ಮೊದಲ ಮೋಟಾರ್‌ಬೋಟ್ ಅದೇ. ಮುಂದಿನ ವರ್ಷ ಮತ್ತೆ ಹೋದಾಗ ಅದೇ ದೋಣೀನ ಕಣಿವೇಲಿ ಬಿಟ್ಟು ಹೆಲಿಕಾಪ್ಟರ್ ಹತ್ತಿ ಹೊರಗೆ ಬರಬೇಕಾಯ್ತು. ತಮಾಷೆ ಏನಂದ್ರೆ ಹಿಂದೆ ಬರ್ತಿದ್ದ ಇನ್ನೊಂದು ತಂಡದವರು ಆ ದೋಣಿ ಹಿಡಿದು, ಇಂಜಿನ್ ಸ್ಟಾರ್ಟ್ ಮಾಡಿ, ಸರೋವರದವರೆಗೆ ಓಡಿಸ್ಕೊಂಡು ಹೋದ್ರು! ನನಗಂತೂ ಮೊದಲ ವರ್ಷದ ಗೆಲುವಿಗಿಂತ ಇದೇ ಇಷ್ಟ.

ನಿಮ್ಮ ಮನಸ್ಸಿರೋದು ಬರ್ಟ್ ಲೋಪರ್ ಥರದವರ ಕಡೆ ಅಂತ ಗೊತ್ತು. ಹಡ್ಸನ್ ಹೋದ ಮುಂದಿನ ತಿಂಗಳೇ, 1949ರ ಜುಲೈ 8ಕ್ಕೆ, ತನ್ನ ಮರದ ದೋಣೀಲಿ ಹುಟ್ಟು ಹಾಕ್ತಾ ರಭಸಕ್ಕೆ ನುಗ್ಗಿ ಅಲ್ಲೇ ತೀರಿಕೊಂಡ ಮುದುಕ, ವಯಸ್ಸು 79. ಅವರ ಬಗ್ಗೆ ಒಂದು ಇಡೀ ಲೇಖನ ಬೇಕು, ಒಪ್ತೀನಿ, ಆದ್ರೆ ಅದಕ್ಕೋಸ್ಕರ ಹಡ್ಸನ್‌ನ ಕೆಳಗಿಳಿಸಬೇಕಾಗಿಲ್ಲ.

ಇಂಜಿನ್ ಇಲ್ದೆ ಆಗೋದೇ ಇಲ್ಲ ಅನ್ನೋ ಕೆಲಸ ಇರೋದು ಕೆಳಗಿಂದ ಮೇಲಕ್ಕೆ ಹತ್ತೋದು. ಅದಕ್ಕೆ ದಾರಿ ತೋರಿಸಿದ್ದು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್, ಐರಿಶ್‌ಮನ್ ಕ್ರೀಕ್ ಅನ್ನೋ ಕುರಿ ಫಾರ್ಮಿನ ಇಂಜಿನಿಯರ್. ಅಲ್ಲಿನ ನದಿಗಳಲ್ಲಿ ಬರೀ ಬೆಣಚುಕಲ್ಲು, ನೀರು ಮೊಣಕಾಲುದ್ದ, ಪ್ರೊಪೆಲ್ಲರ್ ನಡೆಯಲ್ಲ. ಅದಕ್ಕೆ ದೋಣಿ ತಳದಿಂದ ನೀರು ಹೀರಿ ಪಂಪಲ್ಲಿ ಹಿಂದಕ್ಕೆ ಚಿಮ್ಮೋ ಹಾಗೆ ಮಾಡಿದ್ರು, 1954ರ ಹೊತ್ತಿಗೆ. ಮೊದಮೊದಲು ಆ ನೀರು ದೋಣಿ ಅಡೀಲೇ ಬಿಡ್ತಿದ್ರು, ಸ್ಪೀಡ್ ಬರ್ಲಿಲ್ಲ, ನಳಿಕೆಯನ್ನ ನೀರಿನ ಮಟ್ಟದಿಂದ ಮೇಲಕ್ಕೆ ತಂದ ಮೇಲೆ ದೋಣಿ ಹಾರಿತು. ಕೆಳಗೆ ನೇತಾಡೋದು ಏನೂ ಇಲ್ಲ, ತಿರುಗಿಸೋಕೆ ನಳಿಕೇನೇ ತಿರುಗಿಸಿದ್ರಾಯ್ತು. ಇದೇ ಜೆಟ್ ಬೋಟ್.

1960ರಲ್ಲಿ ಬಿಲ್ ಮಗ ಜಾನ್ ಹ್ಯಾಮಿಲ್ಟನ್, ಮಾರ್ಸ್ಟನ್ ಎಲ್ಲಾ ಸೇರಿ ನಾಲ್ಕು ಜೆಟ್ ಬೋಟ್ ತಗೊಂಡು ಮೊದಲು ಕ್ಯಾನಿಯನ್ ಇಳಿದ್ರು, ಆಮೇಲೆ ಅದೇ ದಾರೀಲಿ ವಾಪಸ್ ಹತ್ತಿದ್ರು. ಲೀಸ್ ಫೆರಿಯಿಂದ 179ನೇ ಮೈಲಿಯ ಲಾವಾ ಫಾಲ್ಸ್ ಅವರನ್ನ ಸಿಕ್ಕಾಪಟ್ಟೆ ಸತಾಯಿಸ್ತು, ಗ್ರೇಪ್‌ವೈನ್ ರಭಸದಲ್ಲಿ ಒಂದು ಬೋಟ್ ಮುಳುಗಿತು, ಉಳಿದ ಮೂರು ಲೀಸ್ ಫೆರಿ ಸೇರಿದ್ವು. ಅದರ ಹಿಂದೆ ಬೋಟ್ ಮಾರೋ ಕಂಪನಿಯ ಪ್ರಚಾರ ಇತ್ತು, ಅಲ್ಲಿ ಬೇಕಾದ್ರೆ ಮೂಗು ಮುರೀರಿ, ನಾನೂ ಮುರೀತೀನಿ. ಆದ್ರೆ ಇಳಿಯುವಾಗ ಇಂಜಿನ್ ಕೆಟ್ರೆ ತೇಲ್ಕೊಂಡಾದ್ರೂ ಹೋಗ್ಬಹುದು, ಹತ್ತುವಾಗ ಅರೆಗಳಿಗೆ ಕೆಟ್ರೂ ನೇರ ಹಿಂದಿನ ಬಂಡೆಗೆ. ಆಮೇಲೆ ಪಾರ್ಕಿನವರು ಹಾಗೆ ಹತ್ತೋದನ್ನೇ ನಿಷೇಧ ಮಾಡಿದ್ರು, ಹಾಗಾಗಿ ಹ್ಯಾಮಿಲ್ಟನ್ ಕಡೆಯವರು ಹತ್ತಿದ್ದೇ ಮೊದಲು, ಅದೇ ಕೊನೆ.

ನಮ್ಮ ದೇಶದ ವಿಷಯ. 1977ರಲ್ಲಿ ಎಡ್ಮಂಡ್ ಹಿಲರಿ ಮೂರು ಜೆಟ್ ಬೋಟಲ್ಲಿ ಗಂಗಾಸಾಗರದಿಂದ ಗಂಗೆಯಲ್ಲಿ ಮೇಲಕ್ಕೆ ಹೋದ್ರು, ಚಾಲಕರಲ್ಲಿ ಇದೇ ಜಾನ್ ಹ್ಯಾಮಿಲ್ಟನ್ ಇದ್ರು. ಕಾಶಿ, ಹರಿದ್ವಾರ, ದೇವಪ್ರಯಾಗ ಎಲ್ಲಾ ದಾಟಿ ನಂದಪ್ರಯಾಗದ ಹತ್ರ ಒಂದು ಜಲಪಾತ ಅಡ್ಡ ಬಂದು ಬೋಟ್ ಪ್ರಯಾಣ ನಿಂತಿತು, ಮುಂದೆ ನಡಿಗೆ.

ಇನ್ನು ನಿಮ್ಮ ಕಾಳಿ ರಾಫ್ಟಿಂಗ್ ಅನುಭವ ಎರಡೇ ಸಾಲಲ್ಲಿ ಮುಗಿಸಿದೀರಿ, ಅದು ಸಾಲಲ್ಲ. ನಿಮ್ಮಲ್ಲಿ ಸುಪಾ ಡ್ಯಾಮಿಂದ ನೀರು ಬಿಟ್ರೇನೇ ರಾಫ್ಟ್ ಇಳಿಯೋದು, 1963ರಲ್ಲಿ ಗ್ಲೆನ್ ಕ್ಯಾನಿಯನ್ ಡ್ಯಾಮ್ ಗೇಟ್ ಮುಚ್ಚಿದ ಮೇಲೆ ಕೊಲರಾಡೊ ಕಥೆನೂ ಹೆಚ್ಚುಕಮ್ಮಿ ಅದೇ. ಹಡ್ಸನ್ ಕಂಡಿದ್ದು ಹಿಮ ಕರಗಿ ಬಂದ ಜೂನ್ ನೀರು, ಈಗ ಹೋಗೋರು ಕಾಣೋದು ಕರೆಂಟಿನ ಲೆಕ್ಕದ ನೀರು. ನೀರು ಯಾವಾಗ ಬಿಡ್ತಾರೆ, ಗೈಡುಗಳು ಎಷ್ಟು ಹೊತ್ತು ಕಾಯ್ತಾರೆ, ಯಾವ ರಭಸಕ್ಕೆ ಅವರು ಏನಂತ ಹೆಸರಿಟ್ಟಿದಾರೆ, ಇದೆಲ್ಲಾ ಸೇರಿಸಿ ಒಂದೆರಡು ಪುಟ ಬರೆದು ಕಳಿಸಿ. ಫೋಟೋ ಇದ್ರೆ ವಾಟ್ಸಾಪಲ್ಲಿ ಬೇಡ, ಕ್ವಾಲಿಟಿ ಹೋಗುತ್ತೆ, ಮೇಲ್ ಮಾಡಿ.

– ಸಂಪಾದಕ