ಪಂಚಾಯಿತಿ ಪ್ರಶ್ನೋತ್ತರ: ಕೊರೊನಾ ಕಾಲದಲ್ಲಿ ನಮ್ಮೂರು

ಕಳೆದ ತಿಂಗಳು ಈ ಪುಟದಲ್ಲಿ ವಾರ್ಡ್ ಸಭೆ ಬಗ್ಗೆ ಬರೆದಿದ್ದೆ. ಅದರಲ್ಲಿ ಕೊರೊನಾ ಬಗ್ಗೆ ಒಂದೇ ಒಂದು ಸಾಲು ಇತ್ತು. ಆಗ ಊರನ್ನು ಕಾಪಾಡಿದ್ದು ಮನೆ ಮನೆಯ ಪರಿಚಯ ಇದ್ದ ಜನ ಅಂತ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಉಳಿದ ಬರಹಕ್ಕೆಲ್ಲ ಸೇರಿಸಿದರೂ ಬರಲಿಲ್ಲ. ಹಾಗಾಗಿ ಈ ಸಲ ಪುಟ ಪೂರ್ತಿ ಅದಕ್ಕೇ. ಹೊಸದಾಗಿ ಓದುವವರಿಗೆ ಒಂದು ಮಾತು: 2020 ಮತ್ತು 2021ರಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದೆ. ಮನೆ ಕಂದಾಯ, ನೀರಿನ ತೆರಿಗೆ ವಸೂಲಿಗೆ ಬೀದಿ ಬೀದಿ ತಿರುಗುವ ಕೆಲಸ. ಕೆಳಗೆ ಹೇಳಿರುವುದರಲ್ಲಿ ಅರ್ಧ ಅಲ್ಲಿ ಕಣ್ಣಾರೆ ಕಂಡದ್ದು.

ಪ್ರಶ್ನೆ: 2020ರ ಲಾಕ್‌ಡೌನ್‌ನಲ್ಲಿ ನಮ್ಮೂರಿನವರು ರಸ್ತೆಗೆ ಮುಳ್ಳು ಹಾಕಿ ಹೊರಗಿನವರು ಬರದ ಹಾಗೆ ಮಾಡಿದರು. ಪಂಚಾಯಿತಿಯೇ ಡಂಗುರ ಸಾರಿಸಿತ್ತು. ಹಾಗೆ ಮಾಡಲು ಅಧಿಕಾರ ಇತ್ತಾ? — ಹಿರಿಯೂರು ತಾಲ್ಲೂಕಿನ ಓದುಗರು

ಇರಲಿಲ್ಲ. ಆಗ ಹೆಚ್ಚಿನ ಆದೇಶ ಬಂದದ್ದು ಎರಡು ಕಾನೂನಿನ ಕೆಳಗೆ. ಒಂದು ಬೊಂಬಾಯಿ ಪ್ಲೇಗಿನ ಕಾಲದಲ್ಲಿ, 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆ. ಇನ್ನೊಂದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಜಿಲ್ಲೆಯಲ್ಲಿ ಯಾವ ಬೀದಿ ಮುಚ್ಚಬೇಕು, ಯಾವುದು ಕಂಟೈನ್‌ಮೆಂಟ್ ಝೋನ್ ಅಂತ ಹೇಳುವವರು ಜಿಲ್ಲಾಡಳಿತದವರು. ಪಂಚಾಯಿತಿ ಅವರಿಗೆ ಕೈ ಜೋಡಿಸಬೇಕಿತ್ತು ಅಷ್ಟೆ. ತಾನಾಗಿ ರಸ್ತೆ ಕಟ್ಟುವ ಹಾಗಿರಲಿಲ್ಲ.

ಆದರೆ ಮುಳ್ಳು ಹಾಕಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ದೇಶದ ಮೊದಲ ಕೊರೊನಾ ಸಾವು ಆದದ್ದೇ ನಮ್ಮ ಕಲಬುರಗಿಯವರದು, 2020ರ ಮಾರ್ಚ್ 10ರಂದು. ಎರಡು ವಾರದಲ್ಲಿ ದೇಶವೇ ಬಂದ್ ಆಯಿತು. ಬೆಂಗಳೂರಿಂದ ಹುಡುಗರು ಬೈಕಿನಲ್ಲಿ ರಾತ್ರೋರಾತ್ರಿ ಊರಿಗೆ ಬರುತ್ತಿದ್ದರು. ನಮ್ಮ ಕಡೆ ಹಳಬರಿಗೆ ಪ್ಲೇಗಿನ ಮಾತು ಇನ್ನೂ ಬಾಯಲ್ಲಿದೆ, ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು ಅಂತ. ಅಂಥ ನೆನಪಿರುವ ಊರಿಗೆ ಭಯ ಬಂದರೆ ಮೊದಲು ಕೈ ಹೋಗುವುದು ಬೇಲಿಗೇ.

ನಮ್ಮ ಪಂಚಾಯಿತಿಯ ಒಂದು ಹಳ್ಳಿಯಲ್ಲೂ ಜಾಲಿ ಮುಳ್ಳು ಒಟ್ಟಿದ್ದರು. ಎದೆಮಟ್ಟ, ಅಡಿಯಲ್ಲಿ ಸೈಜುಗಲ್ಲು. ಏಪ್ರಿಲ್‌ನಲ್ಲಿ ಒಂದು ರಾತ್ರಿ ಆ ಊರಿನ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು. 108 ಗಾಡಿ ಮುಳ್ಳಿನ ಆ ಕಡೆ, ಅವಳು ಈ ಕಡೆ. ಡ್ರೈವರ್, ಅವಳ ಮೈದುನ, ನಾನು, ಮೂರೂ ಜನ ಮೊಬೈಲ್ ಬೆಳಕಲ್ಲಿ ಕವೆಗೋಲು ಹಿಡಿದು ಎಳೆದೆವು. ಇಪ್ಪತ್ತು ನಿಮಿಷ ಹಿಡಿಯಿತು. ಅವಳು ಅಷ್ಟೂ ಹೊತ್ತು ಕಲ್ಲಿನ ಮೇಲೆ ಕೂತು ಹಲ್ಲು ಕಚ್ಚಿಕೊಂಡಿದ್ದಳು, ಒಂದು ಸಲವೂ ಕೂಗಲಿಲ್ಲ. ಹೆಣ್ಣು ಮಗು, ತಾಲ್ಲೂಕು ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಮಾರನೇ ದಿನ ಅಧ್ಯಕ್ಷರು ಮುಳ್ಳು ತೆಗೆಸಿ ಅದೇ ಜಾಗದಲ್ಲಿ ಒಂದು ಬೆಂಚು, ಒಂದು ಬಕೆಟ್ ನೀರು, ಸೋಪು, ಒಂದು ನೋಟ್‌ಬುಕ್ ಇಡಿಸಿದರು. ಬಂದವರ ಹೆಸರು, ಎಲ್ಲಿಂದ, ಯಾರ ಮನೆಗೆ. ಆಮೇಲೆ ಆಶಾ ಕಾರ್ಯಕರ್ತೆಗೆ ಒಂದು ಫೋನ್. ಮುಳ್ಳಿನಿಂದ ಆಗದ ಕೆಲಸ ಆ ನೋಟ್‌ಬುಕ್ಕಿನಿಂದ ಆಯಿತು. ಮುಳ್ಳು ಇದ್ದಾಗ ಜನ ಹೊಲದ ಬದು ಹಿಡಿದು ಕದ್ದು ಬರುತ್ತಿದ್ದರು. ಬೆಂಚು ಬಂದ ಮೇಲೆ ರಸ್ತೆಯಲ್ಲೇ ಬಂದರು.

ಪ್ರಶ್ನೆ: ಕೊರೊನಾ ಅಂತ 2020ರಲ್ಲಿ ಪಂಚಾಯಿತಿ ಚುನಾವಣೆ ಮುಂದೂಡಿದ್ದು ಸರಿಯಾ? — ಹಾವೇರಿಯ ಓದುಗರು

ಮುಂದೂಡಿದ್ದು ಸರಿ. ಆದರೆ ಅವಧಿ ಮುಗಿದ ಸದಸ್ಯರನ್ನು ಮನೆಗೆ ಕಳಿಸಿ ಆಡಳಿತಾಧಿಕಾರಿಗಳನ್ನು ಕೂರಿಸಿದ್ದರಿಂದ ತೊಂದರೆ ಆಯಿತು. ಒಬ್ಬೊಬ್ಬ ಅಧಿಕಾರಿಗೆ ಹಲವು ಪಂಚಾಯಿತಿ, ಜೊತೆಗೆ ಅವರ ಮೂಲ ಇಲಾಖೆ ಕೆಲಸ. ಅವರಿಗೆ ಊರಿನ ಓಣಿ ಗೊತ್ತಿರಲಿಲ್ಲ. 5,700ಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಡಿಸೆಂಬರ್‌ನಲ್ಲಿ ಎರಡು ಹಂತದಲ್ಲಿ ಚುನಾವಣೆ ಆಗುವವರೆಗೆ ಹಳೇ ಸದಸ್ಯರನ್ನು ಊರಿನ ಕೊರೊನಾ ಕಾರ್ಯಪಡೆಯಲ್ಲಾದರೂ ಉಳಿಸಿಕೊಳ್ಳಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು 2020ರ ಡಿಸೆಂಬರ್‌ನಲ್ಲಿ ಮೊದಲ ಸಲ ಗೆದ್ದೆ. ನಾಲ್ಕೇ ತಿಂಗಳಿಗೆ ಎರಡನೇ ಅಲೆ ಬಂತು. ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ನನ್ನ ವಾರ್ಡಿನಲ್ಲಿ ಆರು ಜನ ಹೋದರು. ಮುಂದೆ ಇಂಥದ್ದು ಬಂದರೆ ಸದಸ್ಯರಾದವರು ಏನು ಸಿದ್ಧ ಇಟ್ಟುಕೊಂಡಿರಬೇಕು? — ಮಂಡ್ಯ ಜಿಲ್ಲೆಯ ಓದುಗರು

ನಿಮ್ಮ ಪತ್ರ ಎರಡು ಸಲ ಓದಿದೆ. ಆರು ಜನರಲ್ಲಿ ಪ್ರತಿಯೊಬ್ಬರ ಮನೆಯನ್ನೂ ನೀವು ವಿವರಿಸಿದ್ದೀರಿ. ನಿಮ್ಮ ವಾರ್ಡ್ ನಿಮಗೆ ಗೊತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ನಿಮ್ಮ ಜಿಲ್ಲೆ 2020ರ ಮೇ ತಿಂಗಳಲ್ಲೇ ಮುಂಬೈಯಿಂದ ವಾಪಸ್ ಬಂದವರನ್ನು ಶಾಲೆ, ಹಾಸ್ಟೆಲ್‌ಗಳಲ್ಲಿ ಇಟ್ಟು ನೋಡಿಕೊಂಡ ಜಿಲ್ಲೆ. ಆ ಅನುಭವ ಎಲ್ಲೂ ಬರೆದಿಡದೆ ಹೊಸ ಸದಸ್ಯರ ಕೈಗೆ ಸಿಗಲಿಲ್ಲ. ತಪ್ಪು ನಿಮ್ಮದಲ್ಲ.

ಕಾರ್ಯಪಡೆ ಅಂತ ಕಾಗದದಲ್ಲಿ ಎಲ್ಲ ಕಡೆ ಇತ್ತು. ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಆಶಾ, ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಲೆಕ್ಕಿಗರು, ಬೀಟ್ ಪೊಲೀಸ್. ನಿಜವಾಗಿ ಓಡಾಡಿದ್ದು ಆಶಾ, ಅಂಗನವಾಡಿಯವರು, ವಾಟರ್‌ಮನ್. ಆಗ ರಾಜ್ಯದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ 2020ರ ಜುಲೈನಲ್ಲಿ, ಕಾಯಿಲೆಯ ನಡುವೆಯೇ, ಅವರು ಕೆಲಸ ನಿಲ್ಲಿಸಿ ಕೇಳಬೇಕಾಯಿತು. ಆ ಹೆಣ್ಣುಮಕ್ಕಳು ಒಂದು ವಾರ ಮನೆಯಲ್ಲಿ ಕೂತರೆ ಪಂಚಾಯಿತಿಗೆ ಕಣ್ಣೇ ಇರುವುದಿಲ್ಲ ಅನ್ನುವುದು ನಮಗೆ ಆಗ ಗೊತ್ತಾಯಿತು.

2021ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಹಳ್ಳಿಯಲ್ಲಿ ಹೋಂ ಐಸೋಲೇಷನ್ ಬೇಡ, ಪಾಸಿಟಿವ್ ಬಂದವರನ್ನು ಕೋವಿಡ್ ಕೇರ್ ಸೆಂಟರ್‌ಗೆ ಕಳಿಸಿ ಅಂತ ಸರ್ಕಾರ ಹೇಳಿತು. ಹೇಳಿದ ಕೂಡಲೇ ಜನ ಪರೀಕ್ಷೆ ಮಾಡಿಸುವುದನ್ನೇ ಬಿಟ್ಟರು. ಮೇಲಿನವರು ಇದನ್ನು ಮೂಢನಂಬಿಕೆ ಅಂದರು. ನಮ್ಮ ಆಶಾ ಕಾರ್ಯಕರ್ತೆ ಒಂದು ಮನೆ ಜಗುಲಿ ಮೇಲೆ ಕೂತು ಸುಮ್ನೆ ಕೇಳಿದರು, ಯಾಕಣ್ಣ ಬರಲ್ಲ ಅಂತ. ಆತ ಕೊಟ್ಟಿಗೆ ಕಡೆ ಕೈ ತೋರಿಸಿದ. ಎರಡು ಸೀಮೆ ಹಸು. ಗಂಡ ಹೆಂಡತಿ ಇಬ್ಬರಿಗೂ ಜ್ವರ. ಹತ್ತು ದಿನ ಹೋದರೆ ಕರೆಯುವವರು ಯಾರು? ಆ ಹಸುಗಳ ಮೇಲೆ ಸಾಲ ಬೇರೆ ಇತ್ತು. ಅವತ್ತು ಸಂಜೆ ಪಕ್ಕದ ಮನೆಯವರನ್ನು ಒಪ್ಪಿಸಿದೆವು. ಅವರು ಹಾಲು ಕರೆದು ಡೈರಿಗೆ ಹಾಕಿ ಆತನ ಲೆಕ್ಕಕ್ಕೇ ಬರೆಸಿದರು. ಮೇವಿಗೆ ಇನ್ನೊಬ್ಬರು. ಬೆಳಿಗ್ಗೆ ಇಬ್ಬರೂ ತಾವೇ ಗಾಡಿ ಹತ್ತಿದರು. ಅದನ್ನು ನೋಡಿ ಆ ಬೀದಿಯಲ್ಲಿ ಮತ್ತೆ ಮೂರು ಮನೆಯವರು ಪರೀಕ್ಷೆಗೆ ಬಂದರು.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ಮಾಡಿ, ವಾರ್ಡಿಗೆ ಒಂದು. ಒಂಟಿಯಾಗಿರುವ ವಯಸ್ಸಾದವರು, ಬಸುರಿಯರು, ಬಿಪಿ ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್‌ಗೆ ಹೋಗುವವರು, ಹಾಸಿಗೆ ಹಿಡಿದವರು. ಅವರ ಮಕ್ಕಳು ಬೇರೆ ಊರಲ್ಲಿದ್ದರೆ ಅವರ ನಂಬರ್. ಯಾರ ಮನೆಯಲ್ಲಿ ಎಷ್ಟು ದನ, ಯಾರು ನೋಡಿಕೊಳ್ಳುತ್ತಾರೆ. ರಾತ್ರಿ ಕರೆದರೆ ಬರುವ ಗಾಡಿಯವರು ಯಾರು. ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ ಮಾಡಬೇಕಲ್ವಾ, ಅಲ್ಲೇ ಇದನ್ನು ತಿದ್ದಿಸಿ. ಕಾಯಿಲೆ ಬಂದ ಮೇಲೆ ಬರೆಯಲು ಕೂತರೆ ಆಗುವುದಿಲ್ಲ.

ಆಮೇಲೆ ಶಾಲೆ. ಕ್ವಾರಂಟೈನ್ ಅಂತ ಬರೆದು ಬೋರ್ಡ್ ಹಾಕುವುದು ಸುಲಭ, ಅಲ್ಲಿ ಹದಿನಾಲ್ಕು ದಿನ ದೊಡ್ಡವರು ಇರುವುದು ಕಷ್ಟ. ಶೌಚಾಲಯ ಚಿಕ್ಕ ಮಕ್ಕಳಿಗೆ ಅಂತ ಕಟ್ಟಿದ್ದು, ಹೆಂಗಸರು ಸ್ನಾನ ಮಾಡಲು ಬಾಗಿಲಿರುವ ಜಾಗ ಇರುವುದಿಲ್ಲ, ವರಾಂಡದಲ್ಲಿ ಬಲ್ಬ್ ಇರುವುದಿಲ್ಲ. ಬೇಸಿಗೆ ರಜೆಯಲ್ಲಿ ಶಾಲೆ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಲು ನಮಗೆ ಒಂದು ಮಧ್ಯಾಹ್ನ ಹೋಯಿತು. ಊಟದ ವಿಷಯದಲ್ಲಿ ಒಂದು ನೋವಿನ ಮಾತೂ ಹೇಳಬೇಕು. ಅಡುಗೆ ಯಾರು ಮಾಡಿದ್ದು ಅಂತ ಜಾತಿ ಕೇಳಿ ತಟ್ಟೆ ದೂಡಿದವರು ಇದ್ದರು. ನಾವು ಅಡುಗೆಯವರನ್ನು ಬದಲಾಯಿಸಲಿಲ್ಲ. ಅಧ್ಯಕ್ಷರು ಬಂದು ತಟ್ಟೆ ದೂಡಿದವರ ಪಕ್ಕದಲ್ಲೇ, ಆರು ಅಡಿ ದೂರದಲ್ಲಿ, ಅದೇ ಮುದ್ದೆ ಉಂಡರು. ಎರಡನೇ ದಿನ ಎಲ್ಲರೂ ಉಂಡರು.

ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಆಕ್ಸಿಮೀಟರ್ ಇದ್ದರೆ ಅದರ ಸೆಲ್ ತೆಗೆದು ಬೇರೆ ಇಡಿ, ಹಾಗೇ ಬಿಟ್ಟರೆ ಸೋರಿ ಹಾಳಾಗುತ್ತದೆ. ಒಂದು ರಾತ್ರಿ ನಾವು ಪಿಡಿಒ ಅವರ ಟಿವಿ ರಿಮೋಟಿನ ಸೆಲ್ ಬಿಚ್ಚಿ ಹಾಕಿ ಒಬ್ಬ ಅಜ್ಜನಿಗೆ ನೋಡಿದೆವು. 88 ತೋರಿಸಿತು. ಮದರಂಗಿ ಹಚ್ಚಿದ ಬೆರಳು, ತಣ್ಣಗಿರುವ ಕೈ ಆದರೆ ಲೆಕ್ಕ ತಪ್ಪಾಗಬಹುದು ಅಂತ ಕೈ ಉಜ್ಜಿ ಬೇರೆ ಬೆರಳಿಗೂ ಹಾಕಿದೆವು. 87. ಆಗ 94ಕ್ಕಿಂತ ಕಡಿಮೆ ಬಂದರೆ ಆಸ್ಪತ್ರೆಗೆ ಅನ್ನುವುದು ಎಲ್ಲರ ಬಾಯಲ್ಲಿ ಇದ್ದ ಮಾತು. ಅಜ್ಜನಿಗೆ ಅಷ್ಟು ಉಸಿರಾಟದ ತೊಂದರೆಯೂ ಕಾಣುತ್ತಿರಲಿಲ್ಲ, ಎಲೆ ಅಡಿಕೆ ಹಾಕಿಕೊಂಡು ಮಾತಾಡುತ್ತಿದ್ದ. ಕಳಿಸಿದೆವು, ಬದುಕಿ ಬಂದ.

ಪ್ರಶ್ನೆ: ಬೀದಿಗೆ ಔಷಧಿ ಹೊಡೆದ ಬಿಲ್ಲು, ಸ್ಯಾನಿಟೈಸರ್ ಬಿಲ್ಲು ಅಂತ ನಮ್ಮ ಪಂಚಾಯಿತಿಯಲ್ಲಿ ದೊಡ್ಡ ಖರ್ಚು ತೋರಿಸಿದ್ದಾರೆ. 2021ರಲ್ಲಿ ಬಂದ 50,000 ರೂಪಾಯಿ ಏನಾಯಿತು ಅಂತ ಕೇಳಿದರೆ ಉತ್ತರ ಇಲ್ಲ. — ರಾಯಚೂರು ಜಿಲ್ಲೆಯ ಓದುಗರು

ಆ 50,000 ರೂಪಾಯಿಯನ್ನು 2021ರ ಮೇ ತಿಂಗಳ ಪ್ಯಾಕೇಜಿನಲ್ಲಿ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಗೆ ಘೋಷಿಸಿತ್ತು. ರಸೀದಿ, ಚೆಕ್ ನಂಬರ್ ಎಲ್ಲ ಕಡತದಲ್ಲಿ ಇರಲೇಬೇಕು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಪಿಡಿಒ ಅವರಿಗೆ ಅರ್ಜಿ ಕೊಡಿ. ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕ ಇಲ್ಲ. "ಕೋವಿಡ್ ಖರ್ಚಿನ ಮಾಹಿತಿ" ಅಂತ ಬರೆಯಬೇಡಿ, ಅದಕ್ಕೆ ಎರಡು ಸಾಲಿನ ಉತ್ತರ ಬರುತ್ತದೆ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ನಗದು ಪುಸ್ತಕ, ವೋಚರ್, ಬಿಲ್ಲಿನ ನಕಲು ಅಂತ ಬರೆಯಿರಿ. 30 ದಿನದಲ್ಲಿ ಕೊಡದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಮೇಲ್ಮನವಿ. ಇನ್ನೊಂದು ದಾರಿ ಜಮಾಬಂದಿ. ವರ್ಷಾ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಓದಬೇಕು. ಅಲ್ಲಿ ನಾಲ್ಕು ಜನ ಜೊತೆಯಾಗಿ ಹೋಗಿ ಕೇಳಿ. ಒಬ್ಬರೇ ಹೋದರೆ ಜಗಳಗಂಟ ಅನ್ನುತ್ತಾರೆ.

ಔಷಧಿ ಹೊಡೆದದ್ದರಿಂದ ಉಪಯೋಗ ಆಯಿತಾ ಅಂತಲೂ ಕೇಳಿದ್ದೀರಿ. ಬಯಲು ಬೀದಿಗೆ ಹೊಡೆಯುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇನಲ್ಲೇ ಹೇಳಿತ್ತು. ಜನರ ಮೈಮೇಲೆ ಹೊಡೆಯಬೇಡಿ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಅದಕ್ಕೂ ಮೊದಲೇ ಹೇಳಿತ್ತು. ಟ್ರ್ಯಾಕ್ಟರ್ ಸದ್ದಿಗೆ ಜನರಿಗೆ ಧೈರ್ಯ ಬಂದಿರಬಹುದು. ಆ ದುಡ್ಡಿನಲ್ಲಿ ಸೋಪು ಹಂಚಿದ್ದರೆ ಜಾಸ್ತಿ ಕೆಲಸ ಆಗುತ್ತಿತ್ತು.

ಪ್ರಶ್ನೆ: ಲಸಿಕೆ ಬೇಡ ಅಂತ ಹಟ ಹಿಡಿದವರನ್ನು ನಿಮ್ಮಲ್ಲಿ ಹೇಗೆ ಒಪ್ಪಿಸಿದಿರಿ? — ವಿಜಯಪುರದ ಓದುಗರು

ಕೆಲವರಿಗೆ ವಾಟ್ಸ್ಆ್ಯಪ್ ಸುದ್ದಿಯ ಭಯ ಇತ್ತು, ನಿಜ. ಆದರೆ ಜಾಸ್ತಿ ಜನರದ್ದು ಕೂಲಿ ಲೆಕ್ಕ. 2021ರ ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಲಸಿಕೆ ಶುರುವಾಯಿತು. ಮಳೆ ಬಿದ್ದು ಕಡಲೆಕಾಯಿ ಬಿತ್ತನೆ ಹತ್ತಿರ ಬಂದಾಗ ಎರಡು ದಿನ ಜ್ವರ ಬಂದು ಮಲಗಿದರೆ ಹದ ತಪ್ಪುತ್ತದೆ. ಇದನ್ನು ಮೊದಲು ಹಿಡಿದದ್ದು ನಮ್ಮ ನರ್ಸಮ್ಮ. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಹಾಗಾಗಿ ಭಾನುವಾರ ಸಂಜೆ ಶಿಬಿರ ಮಾಡಿಸಿದರು. ಜ್ವರದ ಮಾತ್ರೆ ಕೈಗೆ ಕೊಟ್ಟು, ಸೋಮವಾರ ಮಲಗಿ ಮಂಗಳವಾರ ಹೊಲಕ್ಕೆ ಹೋಗಿ ಅಂದರು. ಅಷ್ಟೇ. ರೇಷನ್ ಕೊಡಲ್ಲ ಅಂತ ಹೆದರಿಸಿದ ಪಕ್ಕದ ಊರಿನಲ್ಲಿ ಜನ ಶಿಬಿರದ ದಿನ ಬೀಗ ಹಾಕಿಕೊಂಡು ತೋಟಕ್ಕೆ ಹೋಗಿಬಿಟ್ಟಿದ್ದರು.

ಪ್ರಶ್ನೆ: 2021ರ ಮೇನಲ್ಲಿ ನಮ್ಮ ಯಜಮಾನರು ಮನೆಯಲ್ಲೇ ತೀರಿಕೊಂಡರು. ಅವತ್ತು ಸಂಜೆ ಟೆಸ್ಟ್ ಫಲಿತಾಂಶ ಬಂತು. ಪರಿಹಾರ ಇದೆ ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ. ಈಗ ಏನಾದರೂ ಸಾಧ್ಯವಾ? — ಕೊಪ್ಪಳ ಜಿಲ್ಲೆಯ ಓದುಗರು

ಅಮ್ಮಾ, ಇದನ್ನು ನಿಮಗೆ ಆಗಲೇ ಬಂದು ಹೇಳಬೇಕಾದದ್ದು ಪಂಚಾಯಿತಿ. ಯಾರ ಮನೆಯಲ್ಲಿ ಸಾವಾಗಿದೆ ಅಂತ ಅವರಿಗೆ ಗೊತ್ತಿತ್ತು. ನೀವು ತಡ ಮಾಡಿದಿರಿ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ವಿಪತ್ತು ನಿಧಿಯಿಂದ 50,000 ರೂಪಾಯಿ ಇತ್ತು. ಬಿಪಿಎಲ್ ಕುಟುಂಬದಲ್ಲಿ ದುಡಿಯುವವರು ಹೋದರೆ ರಾಜ್ಯದಿಂದ ಇನ್ನೊಂದು ಲಕ್ಷ. ಪಾಸಿಟಿವ್ ಬಂದು 30 ದಿನದ ಒಳಗೆ ಆದ ಸಾವು ಮನೆಯಲ್ಲಿ ಆಗಿದ್ದರೂ ಕೊರೊನಾ ಸಾವು ಅಂತಲೇ ಲೆಕ್ಕ, ಹಾಗಾಗಿ ಆಸ್ಪತ್ರೆ ಕಾಗದ ಇಲ್ಲ ಅಂತ ವಾಪಸ್ ಕಳಿಸಿದರೆ ಒಪ್ಪಿಕೊಳ್ಳಬೇಡಿ. ಅರ್ಜಿ ಹಾಕುವ ಗಡುವನ್ನು ಸುಪ್ರೀಂ ಕೋರ್ಟ್ 2022ರ ಮಾರ್ಚ್‌ನಲ್ಲಿ ಹಾಕಿತ್ತು, ಅದು ಮುಗಿದಿದೆ. ಆದರೆ ತೀರಾ ಕಷ್ಟದಿಂದ ಸಮಯಕ್ಕೆ ಅರ್ಜಿ ಹಾಕಲು ಆಗದವರು ಕುಂದುಕೊರತೆ ಸಮಿತಿ ಮುಂದೆ ಹೋಗಬಹುದು ಅಂತ ಅದೇ ಆದೇಶದಲ್ಲಿತ್ತು. ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ. ಆದರೂ ಅರ್ಜಿ ಹಾಕಿ. ಟೆಸ್ಟಿನ ಕಾಗದ ಅಥವಾ ಮೊಬೈಲಿಗೆ ಬಂದ ಮೆಸೇಜು, ಮರಣ ಪ್ರಮಾಣಪತ್ರ, ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೋಡಿಸಿ. ಯಾಕೆ ತಡವಾಯಿತು ಅಂತ ನನಗೆ ಬರೆದ ಹಾಗೆಯೇ ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳ ಕಚೇರಿಗೂ ಕೊಟ್ಟು ಎರಡೂ ಕಡೆ ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ವಿಧವಾ ವೇತನ ಇನ್ನೂ ಆಗಿಲ್ಲ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದಕ್ಕೂ ಕೊರೊನಾ ಗಡುವಿಗೂ ಸಂಬಂಧ ಇಲ್ಲ, ಅದೇ ದಿನ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಬನ್ನಿ. ನಿಮ್ಮ ವಾರ್ಡಿನ ಸದಸ್ಯರನ್ನು ಜೊತೆಗೆ ಕರೆದುಕೊಂಡು ಹೋಗಿ, ಬರುವುದು ಅವರ ಕೆಲಸ. ಏನಾಯಿತು ಅಂತ ನನಗೆ ಮತ್ತೆ ಬರೆಯಿರಿ.