ನಗಿಸುವ ಹಾಡು ಹಗುರವಲ್ಲ

ಪ್ರಿಯ ಓದುಗರೇ,

ಬ್ರಿಟನ್ನಿನ ಪಲ್ಪ್ ತಂಡದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ‘ಕಚಗುಳಿಯಿಡುವ ಪಾಪ್ ಹಾಡುಗಳಿಗೆ ಮೂರು ಪುಟ ಏಕೆ? ಗಂಭೀರ ಸಂಗೀತಗಾರರು ಸಿಗಲಿಲ್ಲವೇ?’ ಎಂದು ಕೇಳಿದ್ದೀರಿ. ಮೂರು ಪುಟವೂ ಸಾಲದಾಯಿತು ಎಂಬುದು ನನ್ನ ಕೊರಗು.

1995ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದ ಪಲ್ಪ್ ತಂಡದ ‘ಕಾಮನ್ ಪೀಪಲ್’ ಹಾಡನ್ನೇ ನೋಡಿ. ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಾಲೇಜಿನಲ್ಲಿ ಶಿಲ್ಪಕಲೆ ಕಲಿಯಲು ಗ್ರೀಸಿನಿಂದ ಬಂದ ಸಿರಿವಂತರ ಮಗಳಿಗೆ ಸಾಮಾನ್ಯರಂತೆ ಬದುಕುವ ಆಸೆ. ಹುಡುಗ ಅವಳನ್ನು ಸೂಪರ್ ಮಾರ್ಕೆಟ್ಟಿಗೆ ಕರೆದೊಯ್ದು, ಕೈಯಲ್ಲಿ ಕಾಸಿಲ್ಲವೆಂದು ನಟಿಸಲು ಹೇಳುತ್ತಾನೆ. ಅವಳು ನಗುತ್ತಾಳೆ; ಕೇಳುವ ನಾವೂ ನಗುತ್ತೇವೆ. ಅಲ್ಲಿ ಬೇರೆ ಯಾರ ಮುಖದಲ್ಲೂ ನಗುವಿಲ್ಲ ಎಂದು ಅವನು ಹೇಳಿದೊಡನೆ ನಮ್ಮ ನಗು ಗಂಟಲಲ್ಲೇ ಉಳಿಯುತ್ತದೆ. ಅಪ್ಪನಿಗೊಂದು ಫೋನ್ ಮಾಡಿದರೆ ಅವಳ ಬಡತನ ಮುಗಿಯಿತು. ಉಳಿದವರಿಗೆ ಅಂಥ ಅಪ್ಪನಿಲ್ಲ. ಹಾಡು ಮುಂದೆ ಹೋದಂತೆ ಲಯ ಚುರುಕಾಗುತ್ತದೆ, ವಿನೋದವಾಗಿ ಶುರುವಾದದ್ದು ಸಿಟ್ಟಾಗಿ ಉರಿಯುತ್ತದೆ. ಆ ಸಿಟ್ಟನ್ನು ಭಾಷಣ ಮಾಡಿ ಹೇಳಿದ್ದರೆ ಲಕ್ಷಾಂತರ ಜನ ಕುಣಿಯುತ್ತ ಕೇಳುತ್ತಿದ್ದರೇ?

ಈ ಚುರುಕು ಸುಮ್ಮನೆ ಬಂದದ್ದಲ್ಲ. ಉಕ್ಕಿನ ಊರಾದ ಶೆಫೀಲ್ಡಿನಲ್ಲಿ ಗಾಯಕ ಜಾರ್ವಿಸ್ ಕಾಕರ್ ಈ ತಂಡವನ್ನು ಕಟ್ಟಿದ್ದು 1978ರಲ್ಲಿ, ಶಾಲಾ ಹುಡುಗನಾಗಿದ್ದಾಗ. ಮೊದಲ ಆಲ್ಬಮ್ 1983ರದು. ಹೆಸರು ಬರುವ ಹೊತ್ತಿಗೆ ಅವರಿಗೆ ಮೂವತ್ತು ದಾಟಿತ್ತು. ಅಷ್ಟು ವರ್ಷ ಯಾರ ಗಮನವೂ ಇಲ್ಲದೆ ಬದಿಯಲ್ಲಿ ನಿಂತವರು ಜನರನ್ನು ನೋಡುವುದನ್ನು ಕಲಿತರು: ಬಾಡಿಗೆ ಕೋಣೆ, ಕಿಟಕಿಯ ಪರದೆ, ಹಳೆಯ ಸಹಪಾಠಿಯ ಮದುವೆ, ಎಲ್ಲವೂ ಹಾಡಿಗೆ ಬಂದವು. 1995ರ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ಸ್ಟೋನ್ ರೋಸಸ್ ತಂಡದ ಗಿಟಾರ್ ವಾದಕ ಮೂಳೆ ಮುರಿದುಕೊಂಡಾಗ ಆ ಜಾಗಕ್ಕೆ ಕರೆ ಬಂದದ್ದು ಇವರಿಗೆ. ಮರುವರ್ಷ ಇವರ ‘ಡಿಫರೆಂಟ್ ಕ್ಲಾಸ್’ ಆಲ್ಬಮ್‌ಗೆ, ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ ದೊರೆಯಿತು. ಪ್ರಶಸ್ತಿಯ ಹಣವನ್ನು ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ದುಡಿಯುವ ವಾರ್ ಚೈಲ್ಡ್ ಸಂಸ್ಥೆಗೆ ಕೊಟ್ಟರು.

ಕಾಕರ್ ಅವರದು ದೊಡ್ಡ ಕಂಠವಲ್ಲ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಅವರು ಎಷ್ಟೋ ಕಡೆ ಹಾಡುವುದೇ ಇಲ್ಲ, ಪಿಸುಗುಡುತ್ತಾರೆ, ಮಾತಾಡುತ್ತಾರೆ. ನನಗೆ ಅದು ಪಕ್ಕದಲ್ಲಿ ಕುಳಿತವರು ಗುಟ್ಟು ಹೇಳಿದಂತೆ ಕೇಳುತ್ತದೆ.

ದಯವಿಟ್ಟು 1997ರ ‘ಹೆಲ್ಪ್ ದಿ ಏಜ್ಡ್’ ಕೇಳಿ. ಹೆಸರು ವೃದ್ಧರ ನೆರವಿಗೆ ಆಗ ಇದ್ದ ಸಂಸ್ಥೆಯೊಂದರದೇ. ಮೊದಲಿಗೆ ತಮಾಷೆ ಎನಿಸುತ್ತದೆ. ಮೂವತ್ನಾಲ್ಕರ ಗಾಯಕ ಅಲ್ಲಿ ಹಾಡುತ್ತಿರುವುದು ತನ್ನದೇ ಮುಪ್ಪಿನ ಭಯವನ್ನು. ಕೇಳಿದ ಮೇಲೆ ಮತ್ತೆ ಬರೆಯಿರಿ. ನಿಮ್ಮ ಪತ್ರಕ್ಕೆ ಜಾಗ ಇಟ್ಟಿರುತ್ತೇನೆ.

– ಸಂಪಾದಕ