ಚರ್ಚ್ ಬಾಗಿಲಲ್ಲಿ ‘ಎಲ್ಲ ಸರಿ ಇದೆ’ ಅಂದುಬಿಟ್ಟೆ

ಅಕ್ಕಾ, ನಮ್ಮದು ಸಣ್ಣ ಊರಿನ ಸಭೆ. ಮುಂದಿನ ತಿಂಗಳು ಸಭೆ ನಡೆಸುವ ಹಿರಿಯರ ಆಯ್ಕೆ ಇದೆ. ನಮ್ಮ ಯಜಮಾನರ ಹೆಸರೂ ಬಂದಿದೆ. ಸಭೆಯಲ್ಲಿ ಅವರನ್ನು ಮೆಚ್ಚದವರಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುತ್ತಾರೆ. ಮನೆಯೊಳಗೆ ಮಾತ್ರ ಸಣ್ಣ ಮಾತಿಗೂ ಕೂಗಾಟ. ಪಿಯುಸಿ ಮುಗಿಯುವವರೆಗೂ ಮಗ ಬೆಲ್ಟಿನ ಏಟು ತಿಂದಿದ್ದಾನೆ. ನನ್ನ ಮೇಲೂ ಎರಡು ಸಲ ಕೈ ಮಾಡಿದ್ದಾರೆ, ಕೊನೆಯ ಸಲ ಹೋದ ವರ್ಷ. ಮಗನಿಗೆ ಈಗ 19. ಆರಾಧನೆಗೆ ಬರುವುದನ್ನು ಬಿಟ್ಟು ಎರಡು ವರ್ಷ ಆಯಿತು. “ಹಿರಿಯನ ಮಕ್ಕಳು ವಿಧೇಯರಾಗಿರಬೇಕು ಅಂತ ವಾಕ್ಯ ಇದೆ. ಆಯ್ಕೆ ಮುಗಿಯೋವರೆಗೆ ನಾಲ್ಕು ಭಾನುವಾರ ಅವನನ್ನ ಕರ್ಕೊಂಡು ಬಾ” ಅಂತ ನನ್ನನ್ನು ಒತ್ತಾಯ ಮಾಡ್ತಿದ್ದಾರೆ. ಬೆಲ್ಟಿನ ಮಾತು ಎತ್ತಿದರೆ, “ಯಾಜಕ ಏಲಿಯ ಹಾಗೆ ಮಕ್ಕಳನ್ನ ಬಿಟ್ಟುಬಿಡಬೇಕಿತ್ತಾ?” ಅಂತಾರೆ. ಹೋದ ವಾರ ಪಾಸ್ಟರ್ ಚರ್ಚ್ ಬಾಗಿಲಲ್ಲಿ, “ಮನೆಯಲ್ಲಿ ಎಲ್ಲ ಸರಿ ಇದೆ ಅಲ್ವಾ ಅಮ್ಮಾ?” ಅಂತ ಕೇಳಿದರು. ಇವರು ಪಕ್ಕದಲ್ಲೇ ಇದ್ದರು. “ಸರಿ ಇದೆ” ಅಂದುಬಿಟ್ಟೆ. ಅವತ್ತಿನಿಂದ ನಿದ್ದೆ ಇಲ್ಲ. ನಾನು ಸುಳ್ಳು ಹೇಳಿದೆನಾ? ನಿಜ ಹೇಳಿದ್ದರೆ ಗಂಡನ ಮರ್ಯಾದೆ ತೆಗೆದ ಹಾಗೆ ಆಗ್ತಿರಲಿಲ್ವಾ?
– ಹೆಸರು ಬೇಡ

ತಂಗಿ, ಗಂಡ ಪಕ್ಕದಲ್ಲಿ ನಿಂತಿದ್ದಾರೆ, ಜನ ಒಬ್ಬರಿಗೊಬ್ಬರು ಕೈ ಮುಗಿಯುತ್ತಾ ಹೊರಗೆ ಹೋಗುತ್ತಿದ್ದಾರೆ. ಅಂಥ ಜಾಗದಲ್ಲಿ ಆ ಪ್ರಶ್ನೆಗೆ ಯಾವ ಹೆಂಡತಿ ಬೇರೆ ಉತ್ತರ ಕೊಟ್ಟಾಳು? ಆ ಪ್ರಶ್ನೆಯನ್ನು ಅಲ್ಲಿ ಕೇಳಬಾರದಿತ್ತು. ಆ ಪಾಪವನ್ನು ನೀವು ಹೊತ್ತುಕೊಳ್ಳಬೇಡಿ. ಆದರೆ ನಿದ್ದೆ ಬರುತ್ತಿಲ್ಲ ಅಂದಿರಲ್ಲ, ಅದನ್ನು ತಳ್ಳಿಹಾಕಬೇಡಿ. ಹೇಳಬೇಕಾದದ್ದು ಒಳಗೇ ಉಳಿದಿದೆ.

ನಿಮ್ಮ ಯಜಮಾನರು ಹೇಳುವ ವಾಕ್ಯ ಇರುವುದು ಬೈಬಲಿನಲ್ಲಿ ಪೌಲ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ. ಅವರು ಹಿಡಿದುಕೊಂಡಿರುವುದು ನಾಲ್ಕನೆಯ ವಚನ, ಮಕ್ಕಳು ವಿಧೇಯರಾಗಿರಬೇಕು ಅನ್ನುವುದು. ಅದರ ಹಿಂದಿನ ವಚನವನ್ನು ಒಮ್ಮೆ ಓದಿ. ಸಭೆಯನ್ನು ನಡೆಸುವವನು ಹೊಡೆಯುವವನಾಗಿರಬಾರದು, ಜಗಳಗಂಟನಾಗಿರಬಾರದು, ಸಾತ್ವಿಕನಾಗಿರಬೇಕು ಅಂತ ಅಲ್ಲಿದೆ. ತೀತನಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲೂ ಹೊಡೆಯುವವನು ಬೇಡ ಅಂತಲೇ ಇದೆ. ಎಲ್ಲರ ಕಣ್ಣೂ ಬೆಂಚಿನಲ್ಲಿ ಕೂರದ ಮಗನ ಮೇಲೆ ಇದೆ. ಬೆಲ್ಟು ಹಿಡಿದ ಕೈ ಕಡೆಗೆ ಯಾರೂ ನೋಡುತ್ತಿಲ್ಲ. ನಿಮ್ಮ ಕಾಗದ ಓದಿ ನನಗೆ ತುಂಬಾ ನೋವಾದದ್ದು ಇದಕ್ಕೇ.

ಐದನೆಯ ವಚನದಲ್ಲಿ ಪೌಲ ಒಂದು ಪ್ರಶ್ನೆ ಕೇಳುತ್ತಾನೆ. ಸ್ವಂತ ಮನೆಯನ್ನು ನಡೆಸಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು? ಈ ‘ನೋಡಿಕೊಳ್ಳುವುದು’ ಅನ್ನುವಲ್ಲಿ ಗ್ರೀಕ್‌ನಲ್ಲಿರುವ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇದನ್ನು ಬಿಟ್ಟರೆ ಒಂದೇ ಕಥೆಯಲ್ಲಿ ಬರುತ್ತದೆ. ಯಾವುದು ಗೊತ್ತಾ? ಒಳ್ಳೆಯ ಸಮಾರ್ಯದವನ ಕಥೆ. ದಾರಿಯಲ್ಲಿ ಏಟು ತಿಂದು ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಛತ್ರಕ್ಕೆ ಕರೆದುಕೊಂಡು ಹೋಗಿ ‘ನೋಡಿಕೊಂಡ’ ಅಂತ ಬರುತ್ತದಲ್ಲ, ಅದೇ ಪದ. ಮನೆ ಆಳುವುದು ಅಂದರೆ ಎಲ್ಲರನ್ನೂ ಹೆದರಿಸಿ ಕೂರಿಸುವುದು ಅಂತ ತಿಳಿದವರಿಗೆ ಈ ಪದವನ್ನು ತೋರಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನೊಂದು ಮಾತು. ಪೌಲನ ಕಾಲದಲ್ಲಿ ಚರ್ಚ್ ಕಟ್ಟಡಗಳಿರಲಿಲ್ಲ. ಸಭೆ ಸೇರುತ್ತಿದ್ದದ್ದು ಮನೆಗಳಲ್ಲಿ. ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ, ಫಿಲೆಮೋನನ ಮನೆಯಲ್ಲಿ. ಮನೆಯವರು ಹೇಗಿದ್ದಾರೆ ಅನ್ನುವುದು ಬಂದವರ ಕಣ್ಣಿಗೆ ಬೀಳುತ್ತಿತ್ತು. ಈಗ ಚರ್ಚ್‌ಗೆ ಬೇರೆ ಗೇಟು, ಮನೆಗೆ ಬೇರೆ ಗೇಟು. ಹಾಗಾಗಿ ಮನೆಯೊಳಗಿನವರು ಬಾಯಿ ಬಿಟ್ಟರೆ ಮಾತ್ರ ಗೊತ್ತಾಗುತ್ತದೆ. ನೀವು ಹೇಳಿದರೆ ಗಂಡನ ಮರ್ಯಾದೆ ತೆಗೆದ ಹಾಗೆ ಆಗುವುದಿಲ್ಲ. ಆ ಪತ್ರಿಕೆ ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿರುವುದು ನಿಮಗೂ ನಿಮ್ಮ ಮಗನಿಗೂ ಮಾತ್ರ.

ಏಲಿಯ ಕಥೆಗೆ ಬರೋಣ. ಅವನ ಮಕ್ಕಳು ಹೊಫ್ನಿ ಮತ್ತು ಫೀನೆಹಾಸ ಶೀಲೋವಿನ ಯಾಜಕರು. ಬಲಿಯ ಮಾಂಸವನ್ನು ಜನರಿಂದ ಬಲವಂತವಾಗಿ ಕಿತ್ತುಕೊಳ್ಳುತ್ತಿದ್ದರು. ದೇವರ ಗುಡಾರದ ಬಾಗಿಲಲ್ಲಿ ಸೇವೆ ಮಾಡುವ ಹೆಂಗಸರನ್ನೂ ಬಿಡಲಿಲ್ಲ. ಏಲಿ ಬರೀ ಬಾಯಿಮಾತಿನಲ್ಲಿ ಗದರಿಸಿ ಅವರನ್ನು ಅದೇ ಸ್ಥಾನದಲ್ಲಿ ಉಳಿಸಿದ. ಅವರು ಆಗಲೇ ಬೆಳೆದ ಗಂಡಸರು, ಕೈಯಲ್ಲಿ ಅಧಿಕಾರ ಇದ್ದವರು. ಈ ಕಥೆ ಹಿಡಿದುಕೊಂಡು ಓದುವ ಹುಡುಗನ ಮೇಲೆ ಬೆಲ್ಟು ಎತ್ತಲು ಬರುವುದಿಲ್ಲ. ಇನ್ನೊಬ್ಬರಿಗೆ ನೋವು ಕೊಡುವವನನ್ನು ಸ್ಥಾನದಲ್ಲಿ ಕೂರಿಸಬಾರದು ಅಂತಲೇ ನಾನು ಇದನ್ನು ಓದುವುದು. ಮಕ್ಕಳು ದಾರಿ ತಪ್ಪಿದರೆ ಯಾವಾಗಲೂ ತಂದೆಯದೇ ತಪ್ಪು ಅಂತಲೂ ಇಲ್ಲ ಬಿಡಿ. ಒಳ್ಳೆಯ ಪ್ರವಾದಿ ಸಮುವೇಲನ ಮಕ್ಕಳೂ ಲಂಚ ತಿಂದರು.

ಈಗ ಏನು ಮಾಡುವುದು? ಮೊದಲು ನಿಮ್ಮ ಕ್ಷೇಮ. ಮನೆಯಲ್ಲಿ ಮತ್ತೆ ಕೈ ಮಾಡಬಹುದು ಅನ್ನುವ ಹೆದರಿಕೆ ಇದ್ದರೆ ಒಬ್ಬರೇ ಕೂತು ಅವರ ಜೊತೆ ಈ ವಿಷಯ ಎತ್ತಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಎರಡನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ. ಮನೆಯೊಳಗಿನ ಹಿಂಸೆಯ ವಿರುದ್ಧ 2005ರ ಪ್ರತ್ಯೇಕ ಕಾನೂನೇ ಇದೆ. ಗಂಡ ಸಭೆಯ ಹಿರಿಯನಾದರೂ ಅದು ಅನ್ವಯಿಸುತ್ತದೆ.

ಆಮೇಲೆ ಪಾಸ್ಟರಮ್ಮನಿಗೆ ಫೋನ್ ಮಾಡಿ, ಇಬ್ಬರೂ ಇರುವಾಗ ಅವರ ಮನೆಗೇ ಹೋಗಿ. “ಅವತ್ತು ಬಾಗಿಲಲ್ಲಿ ಸರಿ ಇದೆ ಅಂದೆ. ಸರಿ ಇಲ್ಲ” ಅಂತ ಶುರು ಮಾಡಿ. ನಡೆದದ್ದನ್ನು ನಡೆದ ಹಾಗೇ ಹೇಳಿ, ಕೂಡಿಸಬೇಡಿ, ಕಳೆಯಬೇಡಿ. ನೀವು ಹೇಳಿದ್ದು ಅಂತ ಯಜಮಾನರಿಗೆ ತಿಳಿಯಬಾರದು ಅಂತ ಮಾತು ತಗೊಳ್ಳಿ. “ಪ್ರಾರ್ಥನೆ ಮಾಡಮ್ಮಾ, ಸಹಿಸ್ಕೋ” ಅಂತ ಕಳಿಸಿಬಿಟ್ಟರೆ ಅಲ್ಲಿಗೇ ನಿಲ್ಲಬೇಡಿ, ನೀವು ನಂಬುವ ಇನ್ನೊಬ್ಬ ಹಿರಿಯರ ಹತ್ತಿರ ಹೋಗಿ.

ಯಜಮಾನರ ಜೊತೆ ಮಾತಾಡುವ ವಾತಾವರಣ ಇದ್ದರೆ, ಈ ಸಲ ಬೇಡ ಅನ್ನುವುದು ಅವಮಾನ ಅಲ್ಲ ಅಂತ ಹೇಳಿ. ನಾನೂ ಹಿರಿಯರೊಬ್ಬರ ಮಗಳೇ. ಅಪ್ಪನನ್ನು ಮೊದಲ ಸಲ ಕೇಳಿದಾಗ ಅವರು ರಾತ್ರಿ ಊಟಕ್ಕೆ ಕೂತು ನಮ್ಮೆಲ್ಲರ ಅಭಿಪ್ರಾಯ ಕೇಳಿದರು. ಅಮ್ಮ ತಟ್ಟೆ ನೋಡ್ತಾನೇ, “ಕೋಪ ಬಂದ್ರೆ ಮೂರು ದಿನ ಮಾತು ಬಿಡ್ತೀರಿ. ಅದು ಮೊದಲು ಸರಿ ಹೋಗ್ಲಿ” ಅಂದರು. ಅಪ್ಪನ ಮುಖ ಸಣ್ಣದಾಯಿತು. ಆದರೂ ಆ ಸಲ ಬೇಡ ಅಂತ ಬರೆದು ಕೊಟ್ಟರು. ಮುಂದಿನ ಸಲ ಅವರ ಹೆಸರು ಹೇಳಿದ್ದೇ ಅಮ್ಮ.

ಮಗನನ್ನು ಮಾತ್ರ ನಾಲ್ಕು ಭಾನುವಾರದ ಪ್ರದರ್ಶನಕ್ಕೆ ಕರೆದುಕೊಂಡು ಹೋಗಬೇಡಿ. ಅವನು ದೇವರನ್ನು ಬಿಟ್ಟಿದ್ದಾನೋ, ಪೀಠದ ಹತ್ತಿರ ಅಪ್ಪನ ಮೆತ್ತಗಿನ ದನಿ ಕೇಳಲಾರದೆ ಬಿಟ್ಟಿದ್ದಾನೋ, ಯಾರು ಬಲ್ಲರು? ಒಂದು ಸಂಜೆ ಅವನ ಪಕ್ಕ ಸುಮ್ನೆ ಕೂತುಕೊಳ್ಳಿ. ಏಟು ಬೀಳುವಾಗ ನೀನೆಲ್ಲಿದ್ದೆ ಅಮ್ಮಾ ಅಂತ ಅವನು ಕೇಳಬಹುದು. ಕೇಳಿದರೆ ಕಾರಣಕ್ಕೆ ತಡಕಾಡಬೇಡಿ. “ತಡೀಬೇಕಿತ್ತು ಮಗಾ, ತಡೀಲಿಲ್ಲ” ಅನ್ನಿ. ಆಮೇಲೆ ಅವನು ಹೇಳುವುದನ್ನೆಲ್ಲ ಕೇಳಿ, ಎಷ್ಟು ಹೊತ್ತಾದರೂ.